ಹಾಡಿನ ವಿಡಿಯೊಗೆ ರೆಫರೆನ್ಸ್ ಎಲ್ಲಿ ಹುಡುಕಬೇಕು? ಯೂಟ್ಯೂಬ್, ಶಾಟ್‌ಡೆಕ್ ಮತ್ತು ಉಚಿತ ಸಂಗ್ರಹಗಳ ವಿಮರ್ಶೆ

ಕಾಲೇಜಿನ ಪ್ರಾಜೆಕ್ಟಿಗೆ ಹಾಡಿನ ವಿಡಿಯೊ ಮಾಡುವ ತಂಡ ರೆಫರೆನ್ಸ್, ಅಂದರೆ ಬೆಳಕು, ಚಲನೆ, ಎಡಿಟಿಂಗ್‌ಗೆ ಮಾದರಿಯಾಗಿ ಇಟ್ಟುಕೊಳ್ಳುವ ದೃಶ್ಯಗಳನ್ನು ಹುಡುಕಲು ಮೊದಲ ದಿನವೇ ದುಡ್ಡು ಕೊಟ್ಟು ಯಾವ ತಾಣಕ್ಕೂ ಚಂದಾದಾರರಾಗಬೇಕಿಲ್ಲ. ಯೂಟ್ಯೂಬನ್ನು ಸರಿಯಾಗಿ ಬಳಸುವುದು ಗೊತ್ತಿದ್ದರೆ ಮುಕ್ಕಾಲು ಕೆಲಸ ಅಲ್ಲೇ ಆಗುತ್ತದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಮತ್ತು ನಮ್ಮ ಫಿಲ್ಮ್ಸ್ ಡಿವಿಷನ್‌ನ ಹಳೆಯ ಕಿರುಚಿತ್ರಗಳು ಉಳಿದದ್ದರಲ್ಲಿ ಹೆಚ್ಚಿನದನ್ನು ತುಂಬಿಕೊಡುತ್ತವೆ. ಶಾಟ್‌ಡೆಕ್ ಸಿನಿಮಾಗಳ ಸ್ಥಿರಚಿತ್ರ ಹುಡುಕಿಕೊಡುವ ಒಳ್ಳೆಯ ಚಂದಾ ಸೇವೆಯೇ, ಆದರೆ ಅದರ ಸರದಿ ಕೊನೆಯಲ್ಲಿ.

ಲೆಕ್ಕಕ್ಕೆ ಹಿಡಿದಿರುವ ತಂಡ ಹೀಗಿದೆ: ನಾಲ್ಕೈದು ಜನ, ಒಂದು ಕ್ಯಾಮೆರಾ ಅಥವಾ ಒಳ್ಳೆಯ ಫೋನು, ಎರಡು ಎಲ್‌ಇಡಿ ದೀಪ, ಒಂದು ಟ್ರೈಪಾಡ್, ಬೆಳಕು ತಿರುಗಿಸಲು ಒಂದು ಹಾಳೆ ಥರ್ಮೋಕೋಲ್, ಚಿತ್ರೀಕರಣಕ್ಕೆ ಒಂದೇ ಹಗಲು, ನಾಲ್ಕು ನಿಮಿಷದೊಳಗಿನ ಹಾಡು. ಪ್ರತಿ ತಾಣಕ್ಕೂ ಕೇಳಿದ್ದು ಮೂರೇ ಪ್ರಶ್ನೆ. ಚಿತ್ರ ಓಡುತ್ತದೆಯೇ? ಓಡುವುದನ್ನು ಒಂದೊಂದೇ ಫ್ರೇಮಾಗಿ ನಿಲ್ಲಿಸಿ ನೋಡಬಹುದೇ? ಅದನ್ನು ಮಾಡಿದವರು ಯಾರು, ಹೇಗೆ ಮಾಡಿದರು ಎಂದು ತಿಳಿಯುತ್ತದೆಯೇ? ಮೊದಲ ಪ್ರಶ್ನೆಯ ತೂಕ ಉಳಿದೆರಡಕ್ಕಿಂತ ಹೆಚ್ಚು. ಕಥಾಚಿತ್ರದ ದೃಶ್ಯ ಎಷ್ಟು ಹೊತ್ತು ನಿಲ್ಲಬೇಕೆಂದು ನಿರ್ದೇಶಕ ತೀರ್ಮಾನಿಸುತ್ತಾನೆ; ಹಾಡಿನ ವಿಡಿಯೊದಲ್ಲಿ ಆ ತೀರ್ಮಾನವನ್ನು ತಾಳ ಮೊದಲೇ ಮಾಡಿಟ್ಟಿರುತ್ತದೆ. ಸ್ಥಿರಚಿತ್ರದಲ್ಲಿ ಬೆಳಕು, ಬಣ್ಣ, ಚೌಕಟ್ಟು ಕಾಣುತ್ತವೆ, ಕಾಲ ಕಾಣುವುದಿಲ್ಲ. ಸ್ಟಿಲ್‌ಗಳನ್ನಷ್ಟೇ ಗುಡ್ಡೆ ಹಾಕಿಕೊಂಡು ಹೊರಟ ತಂಡದ ವಿಡಿಯೊ ಎಡಿಟಿಂಗ್ ಮೇಜಿಗೆ ಬಂದಾಗ ಸುಂದರ ಫೋಟೊಗಳ ಸಾಲಾಗಿ ನಿಂತುಬಿಡುವುದು ಇದೇ ಕಾರಣಕ್ಕೆ.

ಯೂಟ್ಯೂಬ್: ಪರದೆಯನ್ನು ಮೇಜಾಗಿಸಿಕೊಳ್ಳುವುದು

2005ರಲ್ಲಿ ಶುರುವಾದ ಈ ತಾಣದಲ್ಲಿ ಹಾಡುಗಳಿಗೆ ಬರವಿಲ್ಲ. ಬರ ಇರುವುದು ನೋಡುವ ಕ್ರಮಕ್ಕೆ. ಫೋನಿನಲ್ಲಿ ನೋಡಿದರೆ ಈ ಕೆಲಸ ಆಗುವುದಿಲ್ಲ, ಕಂಪ್ಯೂಟರ್ ಬೇಕು. ವಿಡಿಯೊ ನಿಲ್ಲಿಸಿ ಕೀಬೋರ್ಡಿನ ಪೂರ್ಣವಿರಾಮ ಚುಕ್ಕೆಯ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದೆ. 'ಕೆ' ಒತ್ತಿದರೆ ನಿಲ್ಲುತ್ತದೆ. 'ಜೆ' ಮತ್ತು 'ಎಲ್' ಹತ್ತು ಸೆಕೆಂಡ್ ಹಿಂದೆ ಮುಂದೆ ಒಯ್ಯುತ್ತವೆ. ಚಿತ್ರದ ಮೇಲೆ ಬಲಬದಿಯ ಮೌಸ್ ಗುಂಡಿ ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ, ಆಗ ನೋಡುತ್ತಿರುವ ಕ್ಷಣಕ್ಕೇ ಕೊಂಡಿ ನಕಲು ಮಾಡುವ ಆಯ್ಕೆ ಇದೆ. ಅದೇ ಪಟ್ಟಿಯ ತಳದಲ್ಲಿರುವ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ವಿಡಿಯೊ ಸೆಕೆಂಡಿಗೆ ಎಷ್ಟು ಫ್ರೇಮಿನದು ಎಂಬುದೂ ಕಾಣುತ್ತದೆ.

ಈಗ ಮೊದಲ ಅಭ್ಯಾಸ. ಇಷ್ಟವಾದ ಒಂದು ಹಾಡಿನ ಮೊದಲ 60 ಸೆಕೆಂಡ್ ತೆಗೆದುಕೊಂಡು ಕಟ್‌ಗಳನ್ನು ಎಣಿಸಿ. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗವೇ ಕಟ್. 20 ಕಟ್ ಸಿಕ್ಕರೆ ಒಂದು ಶಾಟ್ ಸರಾಸರಿ ಮೂರು ಸೆಕೆಂಡ್ ನಿಂತಿದೆ ಎಂದಾಯಿತು. ಅದೇ ವೇಗ ನಾಲ್ಕು ನಿಮಿಷಕ್ಕೂ ಬೇಕೆಂದರೆ 80 ಶಾಟ್. ಒಂದು ಹಗಲಿನಲ್ಲಿ ಕ್ಯಾಮೆರಾ ಎತ್ತಿಟ್ಟು, ದೀಪ ಸರಿಸಿ, ಹೊಸದಾಗಿ ಚೌಕಟ್ಟು ಕಟ್ಟಲು ಸಾಧ್ಯವಾಗುವುದು 25–30 ಸಲ. ಆದ್ದರಿಂದ 80 ಶಾಟನ್ನು 80 ಜಾಗದಿಂದ ತೆಗೆಯುವ ಯೋಜನೆ ಹಾಳೆಯ ಮೇಲೇ ಬಿದ್ದುಹೋಗುತ್ತದೆ. ಎಣಿಸುವಾಗಲೇ ಇನ್ನೊಂದು ಲೆಕ್ಕವನ್ನೂ ಬರೆದುಕೊಳ್ಳಿ: 20 ಕಟ್‌ಗಳಲ್ಲಿ ನಿಜವಾಗಿ ಬೇರೆ ಬೇರೆ ಕ್ಯಾಮೆರಾ ಜಾಗಗಳೆಷ್ಟು? ಆರೋ ಏಳೋ ಇರುತ್ತವೆ, ಉಳಿದವೆಲ್ಲ ಅವಕ್ಕೇ ಮರಳಿ ಬಂದವು. ಗಾಯಕರನ್ನು ನಿಲ್ಲಿಸಿ ಇಡೀ ಹಾಡನ್ನು ಒಂದೇ ಜಾಗದಿಂದ ಪೂರ್ತಿ ಹಾಡಿಸಿಕೊಂಡು, ಮುಂದೆ ಇನ್ನೊಂದು ಜಾಗದಿಂದ ಮತ್ತೆ ಪೂರ್ತಿ ಹಾಡಿಸಿಕೊಳ್ಳುವ ಕ್ರಮ ಹುಟ್ಟಿದ್ದೇ ಇದಕ್ಕಾಗಿ. ನಾಲ್ಕು ನಿಮಿಷದ ಹಾಡಿಗೆ ಎಂಟು ಜಾಗವೆಂದರೆ 32 ನಿಮಿಷದ ಫುಟೇಜ್, ಎಡಿಟರ್ ಕೈಗೆ ಪ್ರತಿ ಸಾಲಿಗೂ ಎಂಟು ಆಯ್ಕೆ.

ಕಟ್ ಎಲ್ಲಿ ಬೀಳುತ್ತದೆ ಎಂಬುದನ್ನು ತಾಳಕ್ಕೆ ಹಚ್ಚಿ ನೋಡುವುದು ಎರಡನೇ ಅಭ್ಯಾಸ. ನಿಮಿಷಕ್ಕೆ 80 ಪೆಟ್ಟಿನ ವೇಗದಲ್ಲಿ ಆದಿತಾಳದ ಒಂದು ಆವರ್ತನ, ಎಂಟು ಪೆಟ್ಟು, ಸರಿಯಾಗಿ ಆರು ಸೆಕೆಂಡ್. ನಾಲ್ಕು ನಿಮಿಷಕ್ಕೆ 40 ಆವರ್ತನ. ಭಾವಗೀತೆಗೋ ವಚನಕ್ಕೋ ಆವರ್ತನಕ್ಕೊಂದು ಶಾಟ್ ಸಾಕು. 40 ಶಾಟಿನ ಆ ವಿಡಿಯೊ ಒಂದು ಹಗಲಿನಲ್ಲಿ ಆರಾಮಾಗಿ ಮುಗಿಯುತ್ತದೆ. ರ‍್ಯಾಪ್ ಆದರೆ ಲೆಕ್ಕ ಬೇರೆ. ನಿಮಿಷಕ್ಕೆ 96 ಪೆಟ್ಟಿನ ಹಾಡು, ಸೆಕೆಂಡಿಗೆ 24 ಫ್ರೇಮ್ ಎಂದಿಟ್ಟುಕೊಂಡರೆ ಒಂದು ಪೆಟ್ಟಿಗೆ 15 ಫ್ರೇಮ್, 120 ಪೆಟ್ಟಿನ ಹಾಡಿಗೆ 12. ನೋಡಿದ ವಿಡಿಯೊಗಳಲ್ಲಿ ಕಟ್ ಪೆಟ್ಟಿನ ಮೇಲೇ ಬಿದ್ದಿದೆಯೋ, ಒಂದೆರಡು ಫ್ರೇಮ್ ಮುಂಚೆಯೋ ಎಂದು ಚುಕ್ಕೆ ಕೀಲಿಯಿಂದ ಪರೀಕ್ಷಿಸಿ. ಪ್ರತಿ ಪೆಟ್ಟಿಗೂ ಕಟ್ ಹಾಕಿದ ವಿಡಿಯೊ 30 ಸೆಕೆಂಡಿನೊಳಗೆ ಯಂತ್ರದಂತೆ ಕಾಣತೊಡಗುತ್ತದೆ. ಒಳ್ಳೆಯ ಎಡಿಟರ್‌ಗಳು ಪಲ್ಲವಿಯಲ್ಲಿ ತಾಳಕ್ಕೆ ಕೂಡಿಸಿ, ಚರಣದಲ್ಲಿ ಮಾತಿನ ಅರ್ಥಕ್ಕೆ ಕಟ್ ಮಾಡುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹುಡುಕಾಟದ ತೊಡಕುಗಳೂ ಇವೆ. ಕನ್ನಡದ ಹೊಸ ಹಾಡುಗಳು ಬಹುತೇಕ ಮೊದಲು ಲಿರಿಕಲ್ ವಿಡಿಯೊ ಆಗಿ ಬರುತ್ತವೆ. ಅದರಲ್ಲಿ ಇರುವುದು ಸ್ಟಿಲ್ ಮತ್ತು ಅಕ್ಷರ, ರೆಫರೆನ್ಸಿಗೆ ಬಾರದು. ಹುಡುಕುವಾಗ 'ವಿಡಿಯೊ ಸಾಂಗ್' ಎಂದು ಸೇರಿಸಿ, 'ಲಿರಿಕಲ್' ಮತ್ತು 'ಸ್ಟೇಟಸ್' ಪದಗಳ ಮುಂದೆ ಕಳೆಯುವ ಗುರುತು ಹಾಕಿದರೆ ಕಸ ಕಡಿಮೆಯಾಗುತ್ತದೆ. ಹಳೆಯ ಚಿತ್ರಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಚೌಕಾಕಾರದ ಹಳೆಯ ಚಿತ್ರವನ್ನು ಈಗಿನ ಅಗಲ ಪರದೆಗೆ ತುಂಬಿಸಲು ತಲೆ ಕಾಲು ಕತ್ತರಿಸಿ, ಬಣ್ಣ ಕಡುಮಾಡಿ, ಮೂಲೆಯಲ್ಲಿ ಲಾಂಛನ ಒತ್ತಿ ಏರಿಸಿದ ಪ್ರತಿಗಳು ಧಾರಾಳವಾಗಿವೆ. ಅಂಥದ್ದರಿಂದ ಚೌಕಟ್ಟು ಕಲಿತರೆ ಛಾಯಾಗ್ರಾಹಕ ಕಟ್ಟದ ಚೌಕಟ್ಟನ್ನು ಕಲಿತಂತೆ. ಒಂದೇ ಹಾಡಿನ ಎರಡು ಮೂರು ಪ್ರತಿ ತೆರೆದು, ಹಣೆಯ ಮೇಲೆ ಹೆಚ್ಚು ಜಾಗ ಉಳಿದಿರುವುದನ್ನು ಆರಿಸಿಕೊಳ್ಳಿ. ಕತ್ತಲ ದೃಶ್ಯಗಳಲ್ಲಿ ಕಪ್ಪು ಭಾಗ ಚೌಕಚೌಕವಾಗಿ ಒಡೆದಂತೆ ಕಂಡರೆ ಅದು ಸಂಕುಚನದ ದೋಷ. ಗುಣಮಟ್ಟವನ್ನು ಇರುವಷ್ಟರಲ್ಲಿ ಮೇಲಿನದಕ್ಕೆ ಏರಿಸದೆ ಬೆಳಕಿನ ಬಗ್ಗೆ ತೀರ್ಮಾನ ಮಾಡಬೇಡಿ.

ಹಾಡುಗಳು ಏನು ಕಲಿಸುತ್ತವೆ, ಎಲ್ಲಿ ಕೈಕೊಡುತ್ತವೆ

ಯೂಟ್ಯೂಬಿನ ನಿಜವಾದ ಬೆಲೆ ಇಲ್ಲಿದೆ. ದುಡ್ಡಿಗಿಂತ ಉಪಾಯವನ್ನು ನಂಬಿದ ಹಾಡುಗಳನ್ನೇ ಆರಿಸಿ ನೋಡಬಹುದು.

ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದ 'ಬಾರೆ ಬಾರೆ' ಹಾಡಿನ ನಿಧಾನಗತಿಯನ್ನು (ಸ್ಲೋ ಮೋಷನ್) ಕನ್ನಡದವರು ಇಂದಿಗೂ ನೆನೆಯುತ್ತಾರೆ. ವಿದ್ಯಾರ್ಥಿ ತಂಡಗಳು ಅದರಿಂದ ಸ್ಫೂರ್ತಿ ಪಡೆದು ಮಾಡುವ ಮೊದಲ ತಪ್ಪು ಎಂದರೆ ಸಾಮಾನ್ಯ ವೇಗದಲ್ಲಿ ತೆಗೆದು ಎಡಿಟಿಂಗ್‌ನಲ್ಲಿ ಎಳೆಯುವುದು. ಆಗ ಫ್ರೇಮ್‌ಗಳು ಸಾಲದೆ ಚಲನೆ ತಡವರಿಸುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ 50 ಫ್ರೇಮಿನಲ್ಲಿ ಚಿತ್ರೀಕರಿಸಬೇಕು. ತುಟಿ ಹಾಡಿಗೆ ಕೂಡಬೇಕೆಂದರೆ ಚಿತ್ರೀಕರಣದ ಜಾಗದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಬೇಕು. ಗಾಯಕರು ಎರಡು ಪಟ್ಟು ವೇಗದಲ್ಲಿ ತುಟಿ ಆಡಿಸುತ್ತಾರೆ; ಆಮೇಲೆ ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸಿದಾಗ ತುಟಿ ಹಾಡಿಗೆ ಸರಿಹೋಗುತ್ತದೆ, ಕೂದಲು, ಸೆರಗು, ಹೆಜ್ಜೆ ಮಾತ್ರ ತೇಲುತ್ತವೆ. ವಿಎಲ್‌ಸಿ ಪ್ಲೇಯರಿನಲ್ಲಿ ವೇಗವನ್ನು 2ಕ್ಕೆ ಏರಿಸಿದರೆ ಸಾಕು, ಅಥವಾ ಧ್ವನಿ ಎಡಿಟಿಂಗ್ ತಂತ್ರಾಂಶ ಆಡಾಸಿಟಿಯಲ್ಲಿ 'ಚೇಂಜ್ ಟೆಂಪೊ' ಬಳಸಿ ಬೇರೆ ಫೈಲ್ ಮಾಡಿಟ್ಟುಕೊಳ್ಳಿ. 'ಚೇಂಜ್ ಸ್ಪೀಡ್' ಆಯ್ಕೆಯಲ್ಲಿ ಶ್ರುತಿಯೂ ಏರಿ ಗಾಯಕರಿಗೆ ಹಾಡು ಗುರುತು ಸಿಗದಂತಾಗುತ್ತದೆ. ಹಾಡಿನ ಮುಂದೆ ನಾಲ್ಕು ಟಿಕ್ ಸದ್ದು ಸೇರಿಸಿರಿ. ತುಟಿ ಆರಂಭವೂ ಸರಿಯಾಗುತ್ತದೆ, ಎಡಿಟಿಂಗ್‌ನಲ್ಲಿ ಕೂಡಿಸುವುದೂ ಸುಲಭ.

ವೇಗದ ಹಾಡಿಗೆ ಈ ಉಪಾಯ ನಡೆಯದು. ನಿಮಿಷಕ್ಕೆ 140 ಪೆಟ್ಟಿನ ರ‍್ಯಾಪನ್ನು 280ಕ್ಕೆ ಏರಿಸಿ ತುಟಿ ಆಡಿಸಲು ಯಾರಿಂದಲೂ ಆಗದು. ಅಲ್ಲಿ 30 ಫ್ರೇಮಿನಲ್ಲಿ ತೆಗೆದು 25ರಲ್ಲಿ ಓಡಿಸಿ, ಹಾಡನ್ನು 1.2 ಪಟ್ಟು ವೇಗದಲ್ಲಿ ನುಡಿಸಿ. ನಿಧಾನಗತಿ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ. ನಡಿಗೆಗೆ ಮಾತ್ರ ಒಂದು ಗಾಂಭೀರ್ಯ ಬರುತ್ತದೆ.

ಇಲ್ಲಿಯೇ ಇನ್ನೊಂದು ಹಳ್ಳವಿದೆ. ಅಮೆರಿಕದ ಪಾಠಗಳು 60 ಫ್ರೇಮಿಗೆ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/120 ಸೆಕೆಂಡ್ ಇಡಿ ಎನ್ನುತ್ತವೆ. ಅಲ್ಲಿನ ವಿದ್ಯುತ್ 60 ಹರ್ಟ್ಸ್. ನಮ್ಮದು 50. ನಮ್ಮ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಸಲ ಮಿಡಿಯುವುದರಿಂದ 1/120ರಲ್ಲಿ ತೆಗೆದ ಚಿತ್ರದಲ್ಲಿ ಪಟ್ಟೆಗಳು ಹರಿದಾಡುತ್ತವೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಅದು ಕಾಣುವುದಿಲ್ಲ, ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ಕಾಣುತ್ತದೆ. ಸರಿಪಡಿಸುವುದು ಬಲು ಕಷ್ಟ. ಒಳಾಂಗಣದಲ್ಲಿ 24, 25, 30 ಫ್ರೇಮಿಗೆ 1/50, 50 ಮತ್ತು 60 ಫ್ರೇಮಿಗೆ 1/100 ಎಂದು ಕೈಯಾರೆ ಕಟ್ಟಿಹಾಕಿ. ಫೋನಿನಲ್ಲಾದರೆ ಪ್ರೊ ಮೋಡ್ ತೆರೆಯಬೇಕು, ಆಟೊದಲ್ಲಿ ಇದು ನಿಲ್ಲದು.

ಬೆಳಕಿಗೆ ನೋಡಬೇಕಾದ್ದು ಗುರುದತ್ತರ 'ಕಾಗಜ್ ಕೆ ಫೂಲ್' (1959). ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಆ ಚಿತ್ರದ ಹಾಡೊಂದನ್ನು ಅಮರವಾಗಿಸಿದೆ. ಅದನ್ನು ಕಟ್ಟಿದವರು ಮೈಸೂರಿನ ವಿ.ಕೆ. ಮೂರ್ತಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಗೆ ಹಾಯಿಸಿದ್ದು ಅವರ ಉಪಾಯ. ಇದು ಕಾಲೇಜಿನ ಸಭಾಂಗಣದಲ್ಲಿಯೂ ಆಗುವಂಥದ್ದು ಎಂಬುದೇ ಸಂತೋಷ. ಬೀರುವಿನ ಬಾಗಿಲಿಗೆ ಹಾಕುವಷ್ಟು ದೊಡ್ಡ ಕನ್ನಡಿಯೊಂದನ್ನು ಹೊರಗೆ ಬಿಸಿಲಿನಲ್ಲಿಟ್ಟು ಎತ್ತರದ ಕಿಟಕಿಯಿಂದ ಬೆಳಕನ್ನು ಒಳಗೆ ಹಾಯಿಸಿ. ಉಳಿದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ. ಗಾಳಿಯಲ್ಲಿ ಕಣಗಳಿಲ್ಲದಿದ್ದರೆ ಕೋಲು ಕಾಣುವುದಿಲ್ಲ, ನೆಲದ ಮೇಲಿನ ಮಚ್ಚೆ ಮಾತ್ರ ಕಾಣುತ್ತದೆ. ಅದಕ್ಕೆ ಸಾಂಬ್ರಾಣಿ ಹೊಗೆ ಬೇಕು. ಫ್ಯಾನ್ ಆರಿಸಿ, ಹೊಗೆ ಹಾಕಿ, ಅದು ಸಮವಾಗಿ ಹರಡುವವರೆಗೆ ಕಾಯಿರಿ. ಮೋಡಮೋಡವಾಗಿದ್ದಾಗಲೇ ತೆಗೆದರೆ ಒಂದು ಶಾಟಿಗೂ ಇನ್ನೊಂದಕ್ಕೂ ಹೊಂದುವುದಿಲ್ಲ. ಸಭಾಂಗಣದಲ್ಲಿ ಹೊಗೆ ಪತ್ತೆಯ ಯಂತ್ರವಿದ್ದರೆ ಮೊದಲೇ ಅನುಮತಿ ಪಡೆಯಬೇಕು.

ಇಷ್ಟಾದ ಮೇಲೂ ಕೈಕೊಡುವುದು ಸೂರ್ಯ. ಅವನು ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಕನ್ನಡಿಯಿಂದ 30 ಅಡಿ ದೂರದಲ್ಲಿ ಬಿದ್ದ ಬೆಳಕು ಹಾಡು ಒಮ್ಮೆ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಅಡಿ ಜಾರಿರುತ್ತದೆ. ಕನ್ನಡಿಯ ಬಳಿಯೇ ಒಬ್ಬರು ನಿಂತು, ನೆಲದ ಮೇಲಿನ ಟೇಪಿನ ಗುರುತಿಗೆ ಪ್ರತಿ ಟೇಕಿಗೂ ಬೆಳಕನ್ನು ಮರಳಿ ತರಬೇಕು. ಬೆಳಕು ಯಾರ ಕಣ್ಣಿಗೂ ನೇರ ಹೊಡೆಯದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ.

ಬಣ್ಣಕ್ಕೆ ಪವನ್ ಕುಮಾರ್ ಅವರ 'ಲೂಸಿಯಾ' (2013), ಪ್ರೇಕ್ಷಕರ ಹಣದಿಂದಲೇ ಆದ ಚಿತ್ರ. ಎರಡು ಲೋಕಗಳಲ್ಲಿ ಒಂದನ್ನು ಬಣ್ಣದಲ್ಲೂ ಇನ್ನೊಂದನ್ನು ಕಪ್ಪು-ಬಿಳುಪಿನಲ್ಲೂ ಇಟ್ಟ ಅದರ ಕ್ರಮ, ಒಂದು ಕಡೆ ಬ್ಯಾಂಡ್ ಹಾಡುತ್ತಾ ಇನ್ನೊಂದು ಕಡೆ ಕಥೆ ನಡೆಯುವ ವಿದ್ಯಾರ್ಥಿ ವಿಡಿಯೊಗೆ ಹೇಳಿ ಮಾಡಿಸಿದ್ದು. ಆದರೆ ಕಪ್ಪು-ಬಿಳುಪನ್ನು ಎಡಿಟಿಂಗ್‌ನಲ್ಲಿ ನೋಡೋಣ ಎಂದು ಬಿಡುವಂತಿಲ್ಲ. ಕೆಂಪು ರವಿಕೆ, ಹಸಿರು ಸೀರೆ ಕಣ್ಣಿಗೆ ಎಷ್ಟೇ ಬೇರೆಯಾದರೂ ಹೊಳಪು ಒಂದೇ ಆಗಿದ್ದರೆ ಎರಡೂ ಒಂದೇ ಬೂದಿಯಾಗುತ್ತವೆ. ಬಟ್ಟೆ ಆರಿಸುವ ದಿನವೇ ಫೋನಿನ ಮೋನೊ ಫಿಲ್ಟರಿನಲ್ಲಿ ಹಿನ್ನೆಲೆಯ ಗೋಡೆಯೊಂದಿಗೆ ಹಿಡಿದು ನೋಡಿ.

ಒಂದೇ ಟೇಕಿನ ಆಸೆ ಎಲ್ಲ ತಂಡಗಳಿಗೂ ಇರುತ್ತದೆ. ಓಕೆ ಗೋ ಬ್ಯಾಂಡಿನ 2006ರ ಟ್ರೆಡ್‌ಮಿಲ್ ಹಾಡನ್ನು ಈ ಆಸೆಯವರು ನೋಡಲೇಬೇಕು: ಎಂಟು ಟ್ರೆಡ್‌ಮಿಲ್, ಅಲುಗದ ಕ್ಯಾಮೆರಾ, ಕಟ್ ಇಲ್ಲ. ಕ್ಯಾಮೆರಾ ಓಡಾಡಬೇಕೆಂಬ ಹಟವನ್ನು ಈ ಹಾಡು ಬಿಡಿಸುತ್ತದೆ. ಚಲನೆಯೆಲ್ಲ ಜನರದು, ಶ್ರಮವೆಲ್ಲ ಅಭ್ಯಾಸದ್ದು. ಇದನ್ನು ಅನುಸರಿಸುವವರು ಬೆಳಕಿನ ಪ್ರಮಾಣ ನಿರ್ಧರಿಸುವ ಎಕ್ಸ್‌ಪೋಷರ್ ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಬೇಕು, ಇಲ್ಲವಾದರೆ ಬಿಳಿ ಅಂಗಿಯವರು ಮುಂದೆ ಬಂದಾಗಲೆಲ್ಲ ಚಿತ್ರ ಕಪ್ಪಾಗುತ್ತದೆ. ಜಾಗದ ಲೆಕ್ಕವೂ ಮುಖ್ಯ: 4ಕೆ ವಿಡಿಯೊ ಹಳೆಯ ಎಚ್.264 ಕ್ರಮದಲ್ಲಿ ನಿಮಿಷಕ್ಕೆ 350 ಎಂಬಿಯಷ್ಟು ನುಂಗಿದರೆ ನಾಲ್ಕು ನಿಮಿಷದ 20 ಟೇಕಿಗೆ 28 ಜಿಬಿ ಬೇಕು. ಫೋನು ಹದಿಮೂರನೇ ಟೇಕಿನಲ್ಲಿ ತುಂಬಿ ನಿಂತರೆ ಆ ದಿನ ಹೋಯಿತೆಂದೇ ಲೆಕ್ಕ.

ಕೋಲ್ಡ್‌ಪ್ಲೇಯ 'ದಿ ಸೈಂಟಿಸ್ಟ್' (2002) ಹಿಂದುಮುಂದಾಗಿ ಓಡುತ್ತದೆ, ಗಾಯಕನ ತುಟಿ ಮಾತ್ರ ಸರಿಯಾಗಿ ಕೂಡುತ್ತದೆ. ಅದಕ್ಕಾಗಿ ಆತ ಇಡೀ ಹಾಡನ್ನು ತಿರುಗುಮುರುಗಾಗಿ ಉಚ್ಚರಿಸಲು ಕಲಿತ. ವಿದ್ಯಾರ್ಥಿಗಳು ಪಲ್ಲವಿಯ ಒಂದೇ ಸಾಲಿಗೆ ಇದನ್ನು ಪ್ರಯತ್ನಿಸಿದರೆ ಸಾಕು: ಆ ಸಾಲನ್ನು ಆಡಾಸಿಟಿಯಲ್ಲಿ ತಿರುಗಿಸಿ, ಕೇಳಿದಂತೆ ಕನ್ನಡ ಅಕ್ಷರಗಳಲ್ಲಿ ಬರೆದು ಬಾಯಿಪಾಠ ಮಾಡಿಸಿ. ನಮ್ಮ ಲಿಪಿ ಉಚ್ಚರಿಸಿದಂತೆ ಬರೆಯುವ ಲಿಪಿಯಾದ್ದರಿಂದ ಈ ಕೆಲಸ ಸಲೀಸು. ಹಿನ್ನೆಲೆಯಲ್ಲಿ ಜನ, ವಾಹನ ಇರದ ಜಾಗ ಆರಿಸಿ. ಹಿಂದಕ್ಕೆ ನಡೆಯುವ ಒಬ್ಬ ದಾರಿಹೋಕ ಸಾಕು, ಗುಟ್ಟು ಅಲ್ಲೇ ಬಯಲಾಗುತ್ತದೆ.

ಯಾರೂ ತೆರೆಯದ ಉಚಿತ ಕಪಾಟುಗಳು

ನ್ಯಾಷನಲ್ ಫಿಲ್ಮ್ ಬೋರ್ಡ್‌ನ ತಾಣದಲ್ಲಿ ನಾರ್ಮನ್ ಮೆಕ್‌ಲಾರೆನ್ ಅವರ ಚಿತ್ರಗಳನ್ನು ದುಡ್ಡಿಲ್ಲದೆ ನೋಡಬಹುದು. ಮೊದಲಿನ ಮೂರು ಪ್ರಶ್ನೆಗಳ ಲೆಕ್ಕದಲ್ಲಿ ಇದಕ್ಕೇ ಅತಿ ಹೆಚ್ಚು ಅಂಕ. 'ನೇಬರ್ಸ್' (1952) ನಟರನ್ನೇ ಗೊಂಬೆಗಳಂತೆ ಸ್ವಲ್ಪಸ್ವಲ್ಪ ಸರಿಸಿ ಒಂದೊಂದೇ ಫ್ರೇಮ್ ತೆಗೆದ ಪಿಕ್ಸಿಲೇಷನ್ ಚಿತ್ರ. ಇದೇ ದಾರಿಯಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ಪ್ರಮೋದ್ ಪತಿ ಮಾಡಿದ 'ಆಬಿದ್' (1972) ನಮ್ಮವರದೇ ಕೆಲಸ. ಫಿಲ್ಮ್ಸ್ ಡಿವಿಷನ್ 2022ರಲ್ಲಿ ಸರ್ಕಾರದ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು, ಚಿತ್ರಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಪಿಕ್ಸಿಲೇಷನ್‌ಗೆ ಬೇಕಾದ್ದು ಟ್ರೈಪಾಡ್, ತಾಳ್ಮೆ, ಬದಲಾಗದ ಬೆಳಕು. ಸೆಕೆಂಡಿಗೆ 8 ಫೋಟೊ ಇಟ್ಟರೆ 96 ಪೆಟ್ಟಿನ ಹಾಡಿನಲ್ಲಿ ಪ್ರತಿ ಪೆಟ್ಟಿಗೆ ಸರಿಯಾಗಿ 5 ಫೋಟೊ. ಎಂಟು ಪೆಟ್ಟಿನ ಒಂದು ಆವರ್ತನಕ್ಕೆ 40. ಇಡೀ ಹಾಡಿಗೆ ಬೇಡ. ಚರಣಗಳ ನಡುವಿನ ವಾದ್ಯಭಾಗಕ್ಕೆ ಇಟ್ಟುಕೊಂಡರೆ ಅರ್ಧ ದಿನದ ಕೆಲಸ. ಮೋಡ ಬಿಸಿಲು ಆಟವಾಡುವ ಮಳೆಗಾಲದ ಬಯಲಿನಲ್ಲಿ ಮಾತ್ರ ಹೋಗಬೇಡಿ, ಪ್ರತಿ ಫೋಟೊದ ಬೆಳಕೂ ಬೇರೆಯಾಗಿ ಚಿತ್ರ ಮಿಣುಕುತ್ತದೆ.

ಅದೇ ಮೆಕ್‌ಲಾರೆನ್ ಅವರ 'ಪಾ ದ ದ' (1968) ನೃತ್ಯ ಇರುವ ಹಾಡಿಗೆ ಚಿನ್ನದಂಥ ರೆಫರೆನ್ಸ್. ಕಪ್ಪು ಹಿನ್ನೆಲೆ, ಅಂಚಿಗಷ್ಟೇ ಬೆಳಕು, ನರ್ತಕಿಯ ಒಂದು ಚಲನೆ ಹತ್ತು ನೆರಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಭರತನಾಟ್ಯದ ಅಡವಿಗೆ ಇದನ್ನು ಹಚ್ಚಿ ನೋಡಿ. ಕಪ್ಪು ಬಟ್ಟೆಯ ಮುಂದೆ ನರ್ತಕಿಯನ್ನು ಬಟ್ಟೆಯಿಂದ ಎಂಟು ಹತ್ತು ಅಡಿ ಮುಂದಕ್ಕೆ ನಿಲ್ಲಿಸಿ, ಎರಡು ದೀಪಗಳನ್ನು ಹಿಂಬದಿಯ ಎಡಬಲಕ್ಕೆ ಇಟ್ಟು ಅಂಚು ಮಾತ್ರ ಬೆಳಗಿಸಿ. ಎಡಿಟಿಂಗ್‌ನಲ್ಲಿ ಅದೇ ಕ್ಲಿಪ್ಪನ್ನು ಆರೇಳು ಪದರಗಳಾಗಿ ಒಂದರ ಮೇಲೊಂದಿಟ್ಟು, ಪ್ರತಿಯೊಂದನ್ನೂ ಐದು ಫ್ರೇಮ್ ತಡಮಾಡಿ, ಬ್ಲೆಂಡ್ ಮೋಡನ್ನು (ಪದರಗಳು ಬೆರೆಯುವ ರೀತಿಯನ್ನು) 'ಲೈಟನ್' ಮಾಡಿ. ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಇದು ಆಗುತ್ತದೆ. ಮುಂದಿನಿಂದ ದೀಪ ಹಾಕಿದರೆ ಮೈಯೆಲ್ಲ ಬೆಳಗಿ ಪದರಗಳು ಕಲಸಿ ಬಿಳಿ ಮುದ್ದೆಯಾಗುತ್ತವೆ. ಈ ಪ್ರಯೋಗ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಮಾಯಾ ಡೆರೆನ್ ಮತ್ತು ಅಲೆಕ್ಸಾಂಡರ್ ಹಮ್ಮಿದ್ 1943ರಲ್ಲಿ ತಮ್ಮ ಮನೆಯಲ್ಲೇ 16 ಮಿಲಿಮೀಟರ್ ಕ್ಯಾಮೆರಾದಿಂದ ತೆಗೆದ 'ಮೆಶಸ್ ಆಫ್ ದಿ ಆಫ್ಟರ್‌ನೂನ್' ಸುಮಾರು 14 ನಿಮಿಷದ್ದು. ಒಂದು ಕೀಲಿಕೈ, ಒಂದು ಚಾಕು, ಒಂದು ಹೂವು, ಹೀಗೆ ಮನೆಯಲ್ಲೇ ಸಿಗುವ ಕೆಲವೇ ಸಾಮಗ್ರಿ. ಮೂಲದಲ್ಲಿ ಸದ್ದೇ ಇಲ್ಲದ ಚಿತ್ರ. ಟೇಜಿ ಇಟೊ ಅವರ ಸಂಗೀತ ಸೇರಿದ್ದು 1959ರಲ್ಲಿ. ಆದ್ದರಿಂದ ಅದರ ಸದ್ದಡಗಿಸಿ, ಪಕ್ಕದ ಕಿಟಕಿಯಲ್ಲಿ ನಿಮ್ಮ ಹಾಡು ಹಾಕಿಕೊಂಡು ನೋಡಿ. ಯಾವ ಚಿತ್ರಗಳು ತಾವಾಗಿಯೇ ಹಾಡಿಗೆ ಕೂಡುತ್ತವೆ, ಯಾವುವು ಜಗಳವಾಡುತ್ತವೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅದರಲ್ಲೊಂದು ಕಡೆ ನಾಯಕಿಯ ಹೆಜ್ಜೆಗಳು ಮರಳಿನಲ್ಲಿ, ಹುಲ್ಲಿನಲ್ಲಿ, ಕಲ್ಲುಹಾಸಿನಲ್ಲಿ, ಕೋಣೆಯ ಜಮಖಾನೆಯಲ್ಲಿ ಒಂದಾದಮೇಲೊಂದು ಬೀಳುತ್ತವೆ. ನಾಲ್ಕು ಹೆಜ್ಜೆಗೆ ನಾಲ್ಕು ಲೋಕ. ಇದನ್ನು ಮಾಡಲು ಕ್ಯಾಮೆರಾ ಎತ್ತರ, ಲೆನ್ಸ್, ನಡಿಗೆಯ ದಿಕ್ಕು ಮೂರೂ ಎಲ್ಲ ಜಾಗದಲ್ಲಿ ಒಂದೇ ಇರಬೇಕು. ಪಾದ ಎಲ್ಲಿ ಬೀಳಬೇಕೆಂದು ಕ್ಯಾಮೆರಾದ ಪರದೆಯ ಮೇಲೆ ಚಿಕ್ಕ ಟೇಪ್ ಅಂಟಿಸಿಕೊಳ್ಳಿ. ಪ್ರತಿ ಜಾಗದಲ್ಲೂ ಬೇಕಾದ್ದಕ್ಕಿಂತ ಹಿಂದೊಂದು ಮುಂದೊಂದು ಹೆಜ್ಜೆ ಹೆಚ್ಚಾಗಿ ತೆಗೆದು, ಪಾದ ಗಾಳಿಯಲ್ಲಿರುವಾಗ ಕಟ್ ಮಾಡಿ, ನೆಲ ಮುಟ್ಟುವುದನ್ನು ತಾಳದ ಪೆಟ್ಟಿಗೆ ಕೂಡಿಸಿ. ನೆಲ ಮುಟ್ಟಿದ ಮೇಲೆ ಕಟ್ ಮಾಡಿದರೆ ನೆಗೆದಂತೆ ಕಾಣುತ್ತದೆ.

ಶಾಟ್‌ಡೆಕ್, ಫಿಲ್ಮ್‌ಗ್ರಾಬ್ ಮತ್ತು ಉಳಿದವು

'ಜೋಕರ್' (2019) ಚಿತ್ರದ ಛಾಯಾಗ್ರಾಹಕ ಲಾರೆನ್ಸ್ ಶೇರ್ ಕಟ್ಟಿದ ಶಾಟ್‌ಡೆಕ್‌ನ ಜೀವಾಳ ಸ್ಥಿರಚಿತ್ರಗಳು. ಬೆಳಕು ಎತ್ತ ಕಡೆಯಿಂದ, ದಿನದ ಯಾವ ಹೊತ್ತು, ಒಳಗೋ ಹೊರಗೋ, ಎಷ್ಟು ಹತ್ತಿರದ ಶಾಟ್, ಯಾವ ಬಣ್ಣ ಎಂದು ಜರಡಿ ಹಿಡಿಯಬಹುದು. 'ರಾತ್ರಿ, ಹೊರಗೆ, ಹಿಂಬೆಳಕು, ಮಳೆ' ಎಂದು ಕೇಳಿ ಸಾಲುಸಾಲು ಚಿತ್ರ ಪಡೆಯುವ ಸುಖ ಬೇರೆಡೆ ಇಲ್ಲ. ಒಟಿಟಿಯಲ್ಲಿ ನೋಡುವ ಚಿತ್ರಗಳ ಸ್ಕ್ರೀನ್‌ಶಾಟ್ ತೆಗೆದರೆ ಬಹಳ ಕಡೆ ಕಪ್ಪು ಚೌಕ ಮಾತ್ರ ಬರುವುದರಿಂದ ಈ ಸೇವೆಯ ಬೆಲೆ ಇನ್ನಷ್ಟು ಅರಿವಾಗುತ್ತದೆ. ಕೊರತೆ ಎರಡು. ಹಾಲಿವುಡ್‌ನ ಭಾರ ಹೆಚ್ಚು, ಕನ್ನಡದ್ದು ಹುಡುಕಿದರೆ ನಿರಾಸೆಯೇ. ಚಂದಾ ಡಾಲರಿನಲ್ಲಿ, ಹೊರದೇಶದ ಪಾವತಿಗೆ ತೆರೆದ ಕಾರ್ಡ್ ಬೇಕು. ಪ್ರಯೋಗಾವಧಿ ಇದೆ, ಹಾಡು, ಜಾಗ, ಬಟ್ಟೆ ಮೂರೂ ನಿಗದಿಯಾದ ಮೇಲೆ ಅದನ್ನು ಶುರುಮಾಡಿ, ಮೂರು ದಿನ ಕೂತು ಕೆಲಸ ಮುಗಿಸಿ. ಆಸೆಯಿಂದ ಮೊದಲೇ ತೆರೆದರೆ ಹಾಡು ಗೊತ್ತಾಗುವ ಮೊದಲೇ ಅವಧಿ ಮುಗಿದಿರುತ್ತದೆ.

ಫಿಲ್ಮ್‌ಗ್ರಾಬ್ ಉಚಿತ. ನಿರ್ದೇಶಕರು, ಛಾಯಾಗ್ರಾಹಕರ ಹೆಸರಿನಿಂದ ಹುಡುಕಬಹುದು, ಒಂದು ಚಿತ್ರಕ್ಕೆ ಹತ್ತಾರು ಸ್ಟಿಲ್. ಬೆಳಕಿನ ದಿಕ್ಕು, ಬಣ್ಣದಿಂದ ಜರಡಿ ಹಿಡಿಯುವ ಸೌಕರ್ಯ ಶಾಟ್‌ಡೆಕ್‌ನಷ್ಟಿಲ್ಲ, ಆದರೆ ಯಾವ ಚಿತ್ರ ಬೇಕೆಂದು ಗೊತ್ತಿದ್ದವರಿಗೆ ಇದೇ ಸಾಕು. ಐಕ್ಯಾಂಡಿ ಎಂಬ ತಾಣ ಚಿತ್ರೀಕರಣ ತಂತ್ರದ ಹೆಸರಿನ ಪ್ರಕಾರ ಓಡುವ ಚಿಕ್ಕ ತುಣುಕುಗಳನ್ನು ಜೋಡಿಸಿಟ್ಟಿದೆ. ಒಂದು ತಂತ್ರಕ್ಕೆ ಏನೆನ್ನುತ್ತಾರೆ ಎಂದು ತಿಳಿಯಲು ಒಳ್ಳೆಯದು, ಆ ಹೆಸರು ಹಿಡಿದು ಯೂಟ್ಯೂಬಿನಲ್ಲಿ ಮಾಡುವ ವಿಧಾನ ಹುಡುಕಬಹುದು. ವಿಮಿಯೊದಲ್ಲಿ ನಿರ್ದೇಶಕರೇ ಏರಿಸಿದ ಪ್ರತಿಗಳಿದ್ದು, ತಂತ್ರಜ್ಞರ ಹೆಸರು ಪೂರ್ತಿ ಸಿಗುತ್ತದೆ. ಪಿಂಟರೆಸ್ಟ್‌ಗೆ ಕಡೆಯ ಸ್ಥಾನ. ಚಿತ್ರದ ಮೂಲ ತಿಳಿಯದು, ಈಚೆಗೆ ಎಐ ಬರೆದ ಚಿತ್ರಗಳೂ ಬೆರೆತಿವೆ. ಎಲ್ಲಿಯೂ ಇಲ್ಲದ ಬೆಳಕನ್ನು ಎರಡು ಎಲ್‌ಇಡಿಯಿಂದ ತರಲು ಹೊರಟ ಛಾಯಾಗ್ರಾಹಕನ ಪಾಡು ಬೇಡ. ರೀಲ್‌ಗಳು ನಿಲುವು ಚೌಕಟ್ಟಿಗೆ, ಕೆಲವೇ ಸೆಕೆಂಡಿಗೆ ಹೊಲಿದ ಅಂಗಿ. ನಾಲ್ಕು ನಿಮಿಷದ ಮೈಗೆ ಅದು ಸಾಲದು.

ಹುಡುಕಿದ್ದನ್ನು ಸೆಟ್ಟಿಗೆ ಒಯ್ಯುವುದು

ಬೆಳಕಿಗೆ ಒಂದು, ಚಲನೆಗೆ ಒಂದು, ಎಡಿಟಿಂಗ್‌ಗೆ ಒಂದು, ಹೀಗೆ ಮೂರು ಬೇರೆ ಬೇರೆ ಮೂಲಗಳಿಂದ ಮೂರು ರೆಫರೆನ್ಸ್ ಸಾಕು. ಮೂರೂ ಒಂದೇ ವಿಡಿಯೊದಿಂದ ಬಂದರೆ ಅದು ನಕಲು. ಪ್ರತಿಯೊಂದಕ್ಕೂ ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ: ಮೂಲ ಮತ್ತು ಮಾಡಿದವರ ಹೆಸರು, ನಿಮಿಷ-ಸೆಕೆಂಡ್, ಅದರಿಂದ ತೆಗೆದುಕೊಳ್ಳುವುದು, ಬಿಡುವುದು. 'ಬಿಡುವುದು' ಎಂಬ ಅಂಕಣ ಖಾಲಿ ಇದ್ದರೆ ಮತ್ತೆ ನೋಡಬೇಕು. ಸ್ಕ್ರೀನ್‌ಶಾಟ್ ಸಿಗದ ಕಡೆ ಪೆನ್ಸಿಲ್ಲಿನಿಂದ ಗೀಚಿದ ಕಡ್ಡಿ ಮನುಷ್ಯರ ಚಿತ್ರವೇ ಸಾಕು, ಗೀಚುವಾಗ ಚೌಕಟ್ಟು ಇನ್ನೂ ಚೆನ್ನಾಗಿ ತಲೆಗೆ ಹತ್ತುತ್ತದೆ.

ಹಾಡಿನ ಹಕ್ಕನ್ನು ಚಿತ್ರೀಕರಣಕ್ಕೆ ಮೊದಲೇ ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ಕವಿಯ ಹಕ್ಕು ಅವರು ತೀರಿಕೊಂಡ ಬಳಿಕ 60 ವರ್ಷ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೂ ಅನುಮತಿ ಬೇಕೇ ಬೇಕು. ಹನ್ನೆರಡನೇ ಶತಮಾನದ ವಚನಕ್ಕೆ ಹಕ್ಕಿನ ತೊಡಕಿಲ್ಲ, ಆದರೆ ಅದನ್ನು ಹಾಡಿದ ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕಿದೆ. ಸಹಪಾಠಿಗಳಿಂದಲೇ ಹಾಡಿಸಿ ಮುದ್ರಿಸಿಕೊಂಡರೆ ಆ ತೊಡಕೂ ತಪ್ಪುತ್ತದೆ. ಕೊಂಡಿ ಇದ್ದವರಿಗಷ್ಟೇ ಕಾಣುವಂತೆ ಏರಿಸಿದ ವಿಡಿಯೊವನ್ನೂ ಹಕ್ಕಿರುವ ಹಾಡನ್ನು ಪತ್ತೆಹಚ್ಚುವ ಯೂಟ್ಯೂಬಿನ ಕಂಟೆಂಟ್ ಐಡಿ ತಪಾಸಣೆ ಮಾಡುತ್ತದೆ. ಸಲ್ಲಿಕೆಯ ಹಿಂದಿನ ರಾತ್ರಿ ಏರಿಸದೆ ನಾಲ್ಕು ದಿನ ಮುಂಚೆ ಒಂದು ಕರಡು ಏರಿಸಿ ನೋಡಿ.

ಆ ರೆಫರೆನ್ಸ್ ಹಾಳೆಯ ಎರಡು ಪ್ರತಿ ಮಾಡಿಸಿ. ಒಂದು ಕ್ಯಾಮೆರಾ ಬಳಿ ಇರಲಿ. ಇನ್ನೊಂದು ಹಾಡು ನುಡಿಸುವವರ ಬಳಿ. ಸೆಟ್ಟಿನಲ್ಲಿ ಹಾಡು ನುಡಿಸುವ ಪೆಟ್ಟಿಗೆಯನ್ನು ಹಳಬರು ಇಂದಿಗೂ ನಾಗ್ರಾ ಎನ್ನುತ್ತಾರೆ. ಆ ಪ್ರತಿಯಲ್ಲಿ ಪ್ರತಿ ಶಾಟಿನ ಮುಂದೆ ಹಾಡಿನ ವೇಗ 1, 1.2 ಅಥವಾ 2 ಎಂದು ಕೆಂಪು ಶಾಯಿಯಲ್ಲಿ ಬರೆದಿರಲಿ, ಕ್ಯಾಮೆರಾದವರು ಫ್ರೇಮ್ ಸಂಖ್ಯೆಯನ್ನು ಕೂಗಿ ಹೇಳಿದ ಮೇಲೆಯೇ ಹಾಡು ಶುರುವಾಗಲಿ.